ದನಿ ಕೆಟ್ಟ ಪೆಟ್ಟಿಗೆಗಳು

ಮನೆಯಲ್ಲಿ ದೀಪ ಕೆಟ್ಟರೆ ಕೆಟ್ಟ ಗಳಿಗೆಯಲ್ಲಿಯೇ ಅದು ನಮಗೆ ತಿಳಿಯುತ್ತದೆ. ನಲ್ಲಿಯಲ್ಲಿ ನೀರು ನಿಂತರೆ ಮನೆಮಂದಿಯೆಲ್ಲ ಎಚ್ಚರಗೊಳ್ಳುತ್ತಾರೆ. ಆದರೆ ರೇಡಿಯೋ, ಟೇಪ್ ರೆಕಾರ್ಡರ್, ಟೆಲಿವಿಷನ್ ಮೊದಲಾದ ದನಿಯ ಯಂತ್ರಗಳು ಕೆಡುವ ಕ್ರಮವೇ ಬೇರೆ. ಅವುಗಳ ಧ್ವನಿಯು ಕೇಳುವವನ ಗಮನಕ್ಕೆ ಬಾರದಷ್ಟು ಸೂಕ್ಷ್ಮವಾದ ಪ್ರಮಾಣದಲ್ಲಿ ದಿನದಿನಕ್ಕೂ ಕ್ಷೀಣಿಸುತ್ತ ಹೋಗುತ್ತದೆ, ಕಿವಿಯೂ ಅದರೊಡನೆ ಹೊಂದಿಕೊಳ್ಳುತ್ತ ಹೋಗುತ್ತದೆ, ಕಡೆಗೆ ಹಬ್ಬಕ್ಕೆಂದು ಬಂದ ನೆಂಟರೊಬ್ಬರು “ಇದೇನು, ನಿಮ್ಮ ರೇಡಿಯೋಗೆ ಗಂಟಲು ಕಟ್ಟಿದೆಯಲ್ಲ!” ಎಂದು ಉದ್ಗರಿಸುವವರೆಗೂ ಅದು ಹಾಗಿದೆಯೆಂಬ ಅರಿವೇ ಮನೆಯವರಿಗೆ ಉಂಟಾಗುವುದಿಲ್ಲ. ಅರಿವು ಉಂಟಾದ ಮೇಲೆ ಮಾತ್ರ ಎಲ್ಲರ ಬಾಯಲ್ಲೂ ಹೊರಡುವುದು ಒಂದೇ ತೀರ್ಪು: “ಹಳೆಯದಾಯಿತು, ಬಿಸಾಡಿ, ಹೊಸದನ್ನು ತನ್ನಿ.” ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು, ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ನನ್ನ ಮನೆಯ ಕೆಲವು ಯಂತ್ರಗಳು ನನಗೆ ಕಲಿಸಿಕೊಟ್ಟುವು. ವಿದ್ಯುಚ್ಛಾಸ್ತ್ರದಲ್ಲಿ ನಾನು ಪಂಡಿತನಲ್ಲ. ಕಾಲೇಜಿನಲ್ಲಿ ಚರಿತ್ರೆಯನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಕಂಡುಕೊಂಡದ್ದನ್ನು ಹೇಳಿದರೆ ಇನ್ನೊಬ್ಬರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಮೊದಲನೆಯದು ತಂದೆಯವರು ಕೊಂಡ ವಾಲ್ವ್ ರೇಡಿಯೋ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದ ಮೈಸೂರು ನಮ್ಮ ಊರು. ಇಲ್ಲಿನ ಮಧ್ಯಮವರ್ಗದ ಮನೆಗಳಲ್ಲಿ ರೇಡಿಯೋಗೆ ದೇವರ ಮನೆಯ ತರುವಾಯದ ಸ್ಥಾನವಿತ್ತೆಂದರೆ ಅತಿಶಯೋಕ್ತಿಯಲ್ಲ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮೊಹರು ಹಾಕಿಸಿಕೊಂಡು ಬರುವ ಕೆಲಸ ಬಾಲ್ಯದಲ್ಲಿ ನನ್ನದಾಗಿತ್ತು. ಮರದ ಪೆಟ್ಟಿಗೆ, ಮುಂಭಾಗದಲ್ಲಿ ನೇಯ್ಗೆಯ ತೆರೆ, ಸ್ಟೇಷನ್ನು ಸರಿಯಾಗಿ ಕೂತಾಗ ಕೂಡಿಕೊಳ್ಳುವ ಹಸುರು ಮ್ಯಾಜಿಕ್ ಐ, ಇವೆಲ್ಲ ಇಂದಿಗೂ ಹಾಗೆಯೇ ಇವೆ. ಕೆಟ್ಟದ್ದು ದನಿ. ಬೆಂಗಳೂರಿನ 612 ಕಿಲೋಹರ್ಟ್ಸ್‌ನಲ್ಲಿ ಯಾರು ಹಾಡಿದರೂ ಅವರ ಹಿಂದೆ ಗುಂಯ್ಯೆನ್ನುವ ಒಂದು ನಾದ ನಿಲ್ಲುತ್ತಿತ್ತು; ಗಾಯಕರ ಶ್ರುತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಕಛೇರಿಯ ಮಧ್ಯೆ ಬಂದು ಕುಳಿತ ಅಪರಿಚಿತ ತಂಬೂರಿಯವನಂತೆ.

ಇದನ್ನು ನಾನು ತೆಗೆದುಕೊಂಡು ಹೋದದ್ದು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮೂರು ಜನ ನಿಲ್ಲಲೂ ಸ್ಥಳವಿಲ್ಲದ ಅಂಗಡಿಯನ್ನಿಟ್ಟುಕೊಂಡಿದ್ದ ಒಬ್ಬ ವೃದ್ಧ ಸಾಹೇಬರ ಬಳಿಗೆ. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಡುವ ಮೊದಲೇ ಅವರು ಕೇಳಿದರು: “ಮೇಷ್ಟ್ರೇ, ವಾಲ್ಯೂಮು ಪೂರ್ತಿ ಇಳಿಸಿದ್ರೂ ಗುಂಯ್ ಅಂತದಾ, ಇಲ್ಲ ಅದರ ಜೊತೇಲಿ ಅದೂ ಇಳೀತದಾ?”

ಆ ಒಂದು ಪ್ರಶ್ನೆಯೊಳಗೆ ಅವರ ಅರ್ಧ ವಿದ್ಯೆ ಅಡಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ವಾಲ್ಯೂಮನ್ನು ಸೊನ್ನೆಗೆ ಇಳಿಸಿದಾಗಲೂ ನಿಲ್ಲದಿರುವ ನಾದವು ಆ ಗುಂಡಿಯಿಂದ ಮುಂದಿನ ಭಾಗಗಳಲ್ಲಿ, ಎಂದರೆ ದನಿಯನ್ನು ಹಿಗ್ಗಿಸುವ ಕಡೆಯ ಹಂತದಲ್ಲಿ ಅಥವಾ ಎಲ್ಲಕ್ಕೂ ವಿದ್ಯುತ್ತನ್ನು ಒದಗಿಸುವ ಪವರ್ ಸಪ್ಲೈಯಲ್ಲಿ ಹುಟ್ಟುತ್ತಿರಬೇಕು; ಗುಂಡಿಯೊಡನೆ ತಾನೂ ಇಳಿದುಹೋಗುವ ನಾದವು ಅದಕ್ಕೆ ಹಿಂದಿನ ಭಾಗಗಳಲ್ಲಿ, ಇಲ್ಲವೆ ಪೆಟ್ಟಿಗೆಯ ಹೊರಗಡೆಯಲ್ಲಿಯೇ ಹುಟ್ಟುತ್ತಿರಬೇಕು. ಯಾವ ಉಪಕರಣವೂ ಇಲ್ಲದೆ, ಒಂದು ಸ್ಕ್ರೂ ಕೂಡ ಬಿಚ್ಚದೆ, ಗುಂಡಿಯೊಂದನ್ನು ತಿರುಗಿಸಿ ಯಂತ್ರವನ್ನು ಎರಡು ಪಾಲು ಮಾಡಿ ದೋಷವಿರುವ ಪಾಲನ್ನು ಗುರುತಿಸುವ ಈ ಉಪಾಯವನ್ನು ನಾನು ಆ ಮೇಲೆ ಮನೆಯ ಪ್ರತಿಯೊಂದು ಯಂತ್ರದ ಮೇಲೂ ಪ್ರಯೋಗಿಸಿದ್ದೇನೆ; ಅದು ಕೈಕೊಟ್ಟದ್ದು ವಿರಳ.

ನನ್ನ ರೇಡಿಯೋದಲ್ಲಿ ನಾದ ಇಳಿಯುತ್ತಿರಲಿಲ್ಲ. “ಹಾಳಾಗಿಲ್ಲ, ಒಣಗಿದೆ ಅಷ್ಟೆ,” ಎಂದರು ಸಾಹೇಬರು. ಒಣಗಿದ್ದು ಫಿಲ್ಟರ್ ಕಂಡೆನ್ಸರ್. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆ ಹೊಂದುವ ಪರ್ಯಾಯಪ್ರವಾಹ. ಅದನ್ನು ಒಮ್ಮುಖವಾಗಿ ತಿರುಗಿಸಿದ ಮೇಲೂ ಅದರಲ್ಲಿ ಏರಿಳಿತ ಉಳಿದಿರುತ್ತದೆ. ಅದರ ಎರಡು ಅರೆಗಳನ್ನೂ ಬಳಸುವ ಸೆಟ್ಟುಗಳಲ್ಲಿ ಆ ಏರಿಳಿತ ಸೆಕೆಂಡಿಗೆ 100 ಆಗುತ್ತದೆ. ಅದನ್ನು ನುಂಗಿ ಸಮತಟ್ಟು ಮಾಡುವ ಭಾರ ಕಂಡೆನ್ಸರಿನದು. ಅದರೊಳಗಿನ ದ್ರಾವಣವು ವರ್ಷಗಳು ಉರುಳಿದಂತೆ ಆರಿಹೋಗುತ್ತದೆ. ಬಿಸಿಯಲ್ಲಿ ಇನ್ನೂ ಬೇಗ. ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಈ ಕಸುಬಿನವರ ಸ್ಥೂಲವಾದ ಲೆಕ್ಕ. ಕೆಂಡದಂತೆ ಕಾಯುವ ವಾಲ್ವುಗಳ ಮಗ್ಗುಲಲ್ಲಿ ದಶಕಗಟ್ಟಲೆ ಕುಳಿತಿದ್ದ ಆ ಕಂಡೆನ್ಸರು ಅಷ್ಟು ಕಾಲ ಬಾಳಿದ್ದೇ ಆಶ್ಚರ್ಯ. ಅದು ಸೋತಾಗ, ನುಂಗಬೇಕಾದ ಏರಿಳಿತವನ್ನು ನುಂಗಲಾರದೆ ಬಿಟ್ಟುಬಿಡುತ್ತದೆ. ಆ 100 ಆವರ್ತನೆಯ ನಾದವೇ ನನ್ನ ಬೇಡದ ತಂಬೂರಿ.

ಸಾಹೇಬರು ಅದನ್ನು ಬದಲಾಯಿಸಿದರು. ಅದರೊಡನೆ, ನಾನು ಕೇಳದೆಯೇ, ಒಂದು ಪುಟ್ಟ ಕಾಗದದ ಕಂಡೆನ್ಸರನ್ನೂ ಕತ್ತರಿಸಿ ತೆಗೆದರು. ಏತಕ್ಕೆಂದು ಕೇಳಿದೆ. ಕಡೆಯ ವಾಲ್ವಿನ ಬಾಗಿಲಲ್ಲಿ ನಿಂತು, ಹಾಡನ್ನು ಮಾತ್ರ ಒಳಗೆ ಬಿಟ್ಟು ಹೆಚ್ಚಿನ ವೋಲ್ಟೇಜನ್ನು ತಡೆಯಬೇಕಾದದ್ದು ಅದು, ಹಳೆಯದಾದಾಗ ಸೋರುತ್ತದೆ, ಸೋರಿದರೆ ದನಿ ಒಡೆಯುವುದಷ್ಟೇ ಅಲ್ಲ, ವಾಲ್ವೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಮಿತಿಮೀರಿ ಕಾದು ಸುಟ್ಟುಹೋಗುತ್ತವೆ. ವಾಲ್ವು ಈಗಲೂ ಹೇಗೋ ಸಿಕ್ಕೀತು. ಒಂದು ಕಾಲದಲ್ಲಿ ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸಿನಲ್ಲಿಯೇ ಅವು ತಯಾರಾಗುತ್ತಿದ್ದುವು, ಹಳೆಯ ದಾಸ್ತಾನು ಇನ್ನೂ ಅಲ್ಲಲ್ಲಿ ಉಳಿದಿದೆ. ಆದರೆ ಅದೇ ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹುಡುಕುವುದು ಕಷ್ಟ. ಕೆಲವೇ ರೂಪಾಯಿಯ ಭಾಗವೊಂದು ಅಮೂಲ್ಯವಾದ ಭಾಗವನ್ನು ಕಾಯುತ್ತಿರುತ್ತದೆ. ಅಂಥದನ್ನು ಕೆಡುವ ಮೊದಲೇ ಬದಲಾಯಿಸುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ರೇಡಿಯೋವನ್ನು ಇಳಿಸಿ, ಧೂಳು ಕೊಡವಿ, ಕುತೂಹಲದಿಂದ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವವರುಂಟು. ಅದು ತಕ್ಕುದಲ್ಲ. ಸಾಹೇಬರ ಮೇಜಿನ ಮೇಲೆ ಒಂದು ಹಳೆಯ ಕಾಲದ ತಂತಿಯ ಬಲ್ಬು ಸದಾ ತೂಗಾಡುತ್ತಿತ್ತು. ಯಾವ ಹಳೆಯ ಸೆಟ್ಟು ಬಂದರೂ ಅದಕ್ಕೆ ವಿದ್ಯುತ್ತು ಆ ಸೀರೀಸ್ ಬಲ್ಬಿನ ಮೂಲಕವೇ ಹೋಗಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪ್ರಖರವಾಗಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಇನ್ನೂ ಮುಖ್ಯವಾದದ್ದೆಂದರೆ, ವಾಲ್ವ್ ರೇಡಿಯೋದ ಒಳಗೆ 250 ವೋಲ್ಟಿನಷ್ಟು, ಕೆಲವದರಲ್ಲಿ ಅದಕ್ಕೂ ಮಿಗಿಲಾದ ನೇರಪ್ರವಾಹವಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಕಂಡೆನ್ಸರಿನಲ್ಲಿ ಅಡಗಿ ಕುಳಿತಿರಬಲ್ಲದು. ಎ.ಸಿ.-ಡಿ.ಸಿ. ಎರಡರಲ್ಲಿಯೂ ನಡೆಯುವ ಸೆಟ್ಟುಗಳಲ್ಲಂತೂ ಒಳಗಿನ ಲೋಹದ ಚಾಸಿಗೇ ಮನೆಯ ವಿದ್ಯುತ್ತು ತಗುಲಿರುವ ಸಂಭವವುಂಟು. ಆದಕಾರಣ ಕೇಳುವ ಪರೀಕ್ಷೆ ಎಲ್ಲರದಾದರೂ ಬಿಚ್ಚುವ ಕೆಲಸ ಬಲ್ಲವರದೇ.

ರೇಡಿಯೋ ಗುಣವಾಗಿ ಮನೆಗೆ ಬಂತು. ಬಂದ ಸಂಜೆಯೇ ಮತ್ತೆ ಸದ್ದು ಮಾಡತೊಡಗಿತು. ಈ ಸಲ ಗುಂಯ್ಯೆಂದಲ್ಲ. ಸೀಗೆಕಾಯಿ ಗಿರಣಿಯ ಪಕ್ಕದಲ್ಲಿ ಕುಳಿತಂತೆ ಕರ್ಕಶವಾದ ಭೋರೆಂಬ ಸದ್ದು. ಅಂಗಡಿಯಲ್ಲಿ ಹಗಲೆಲ್ಲ ಸ್ವಚ್ಛವಾಗಿ ಹಾಡಿದ ಪೆಟ್ಟಿಗೆಯು ಮನೆಯಲ್ಲಿ ಇರುಳಾದೊಡನೆ ಹೀಗೇಕೆ ಆಗಬೇಕು? ಮನೆಯಾಕೆ ಸಾಹೇಬರ ಮೇಲೆ ಸಂಶಯಪಟ್ಟಳು. ನಾನು ವಾಲ್ಯೂಮನ್ನು ಸೊನ್ನೆಗೆ ಇಳಿಸಿದೆ. ಸದ್ದು ಪೂರ್ತಿಯಾಗಿ ನಿಂತಿತು. ಎಂದಮೇಲೆ ಅದು ಹೊರಗಿನಿಂದ ಬರುವ ಅತಿಥಿಯಿರಬೇಕು. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಟ್ರಾನ್ಸಿಸ್ಟರೊಂದನ್ನು ಹಿಡಿದು, ಯಾವ ಸ್ಟೇಷನ್ನೂ ಇಲ್ಲದ ಕಡೆ ಅದರ ಮುಳ್ಳನ್ನು ನಿಲ್ಲಿಸಿ, ಮನೆಯ ಮೆಯಿನ್ ಸ್ವಿಚ್ಚನ್ನು ಆರಿಸಿದೊಡನೆ ಸದ್ದಡಗಿತು. ಹಾಕಿದೊಡನೆ ಹುಟ್ಟಿತು. ಕೋಣೆಯಿಂದ ಕೋಣೆಗೆ, ಗೋಡೆಯಿಂದ ಗೋಡೆಗೆ ಆ ಟ್ರಾನ್ಸಿಸ್ಟರನ್ನು ಹಿಡಿದುಕೊಂಡು ನಾನು ಅಡ್ಡಾಡಿದ್ದನ್ನು ಕಂಡ ಮೊಮ್ಮಗ, “ತಾತ ನಿಧಿ ಹುಡುಕ್ತಿದಾರೆ” ಎಂದು ಬೀದಿಗೆಲ್ಲ ಸಾರಿ ಬಂದ. ಸಿಕ್ಕ ನಿಧಿ ನಡುಮನೆಯ ಒಂದು ಅಗ್ಗದ ಎಲ್‌ಇಡಿ ಬಲ್ಬು. ಅದರ ಜತೆಗಾರನಾಗಿ ಒಂದು ಮೊಬೈಲ್ ಚಾರ್ಜರು.

ಈ ಬಲ್ಬುಗಳ, ಚಾರ್ಜರುಗಳ ಒಳಗಿನ ಸರ್ಕ್ಯೂಟು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಹದಗೊಳಿಸುತ್ತದೆ. ಆ ಕಡಿತದ ಸದ್ದು ಗುಣಕಗಳಾಗಿ ಏರುತ್ತ ಮೀಡಿಯಂ ವೇವಿನ ಮೇಲೆಲ್ಲ ಹರಡುತ್ತದೆ. ಒಳ್ಳೆಯ ತಯಾರಕರು ಅದನ್ನು ತಡೆಯುವ ಫಿಲ್ಟರನ್ನು ಒಳಗೆ ಇಡುತ್ತಾರೆ. ಹಣ ಉಳಿಸಬೇಕೆನ್ನುವವರು ಇಡುವುದಿಲ್ಲ. ಬಲ್ಬನ್ನು ಬದಲಾಯಿಸಿ, ರೇಡಿಯೋ ಕೇಳುವ ಹೊತ್ತಿನಲ್ಲಿ ಚಾರ್ಜರನ್ನು ಕೀಳುವ ವಾಡಿಕೆ ಮಾಡಿಕೊಂಡೆವು. ಪಕ್ಕದ ಮನೆಯ ಇನ್ವರ್ಟರಿನ ಪಾಲು ಇನ್ನೂ ಅಷ್ಟಿಷ್ಟು ಕೇಳಿಸುತ್ತದೆ. ಸೌಹಾರ್ದದ ದೃಷ್ಟಿಯಿಂದ ಅದನ್ನು ಸಹಿಸಿಕೊಂಡಿದ್ದೇವೆ. ಹಳೆಯ ರೇಡಿಯೋಗಳು “ಈಗ ಸರಿಯಾಗಿ ಹಿಡಿಯುವುದಿಲ್ಲ” ಎಂದು ಗುಜರಿ ಸೇರಿರುವುದರಲ್ಲಿ ಎಷ್ಟೋ ಮಟ್ಟಿನ ಅಪರಾಧ ಹೊಸ ದೀಪಗಳದು ಎಂದು ನನಗೆ ದೃಢವಾದ ಅನುಮಾನವಿದೆ.

ಗುಂಡಿಯನ್ನು ತಿರುಗಿಸುವಾಗ ಮಾತ್ರ ಬರುವ ಕರಕರ ಸದ್ದಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ವಾಲ್ಯೂಮ್ ಕಂಟ್ರೋಲಿನ ಒಳಗಿನ ಇದ್ದಿಲ ಪಟ್ಟಿಯ ಮೇಲೆ ಕೊಳೆ ಕೂತಿದೆ ಎಂದು ಅರ್ಥ. ಕಾಂಟ್ಯಾಕ್ಟ್ ಕ್ಲೀನರನ್ನು ಸಿಂಪಡಿಸಿ ಹಲವು ಬಾರಿ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರೆ ಹೋಗುತ್ತದೆ. ಪಟ್ಟಿಯೇ ಸವೆದಿದ್ದರೆ ಹೋಗುವುದಿಲ್ಲ, ಆಗ ಕಂಟ್ರೋಲನ್ನೇ ಬದಲಾಯಿಸಬೇಕು. ಬಾಗಿಲ ತಿರುಗಣಿಗೆ ಹಾಕುವ ಎಣ್ಣೆಯನ್ನು ಮಾತ್ರ ಯಾರೂ ಇಲ್ಲಿ ಹಾಕಬಾರದು.

ಎರಡನೆಯದು ಕ್ಯಾಸೆಟ್ಟಿನ ಟೂ-ಇನ್-ಒನ್. ಇದನ್ನು ಉಳಿಸಿಕೊಳ್ಳಬೇಕೆಂಬ ಹಂಬಲಕ್ಕೆ ಕಾರಣ ಯಂತ್ರವಲ್ಲ. ನನ್ನ ತಾಯಿಯವರು ಹೇಳುತ್ತಿದ್ದ ಆರತಿಯ ಹಾಡು, ಹಸೆಯ ಹಾಡುಗಳನ್ನು ತಂಗಿಯು ಎಂದೋ ತುಂಬಿಸಿಟ್ಟಿದ್ದ ಕೆಲವು ಕ್ಯಾಸೆಟ್ಟುಗಳು. ಹಾಕಿ ಕೇಳಿದರೆ ಅಮ್ಮನ ದನಿ ನೀರಿನೊಳಗಿಂದ ಬಂದಂತೆ ತೇಲಿ ತೇಲಿ, ಒಮ್ಮೆ ಎಳೆದು ಒಮ್ಮೆ ಓಡಿ ಕೇಳಿಸಿತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರಿನ ಸಮವೇಗದಲ್ಲಿ ಹರಿಯಬೇಕು. ಆ ವೇಗವನ್ನು ಮೋಟರಿನಿಂದ ಚಕ್ರಕ್ಕೆ ಒಯ್ಯುವುದು ಒಂದು ತೆಳ್ಳನೆಯ ರಬ್ಬರ್ ಬೆಲ್ಟು. ಮುಚ್ಚಳ ತೆಗೆದು ನೋಡಿದಾಗ ಅದು ಬೆಲ್ಟಾಗಿ ಉಳಿದಿರಲಿಲ್ಲ. ಅರ್ಧ ಭಾಗ ಕರಗಿ ಡಾಂಬರಿನಂತೆ ಚಕ್ರಕ್ಕೆ ಮೆತ್ತಿಕೊಂಡಿತ್ತು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ತೆಗೆಯುವ ಕೆಲಸ ಬೇಸರದ್ದು, ಕೈಯೆಲ್ಲ ಮಸಿಯಾಗುವಂಥದು, ಆದರೆ ಕಠಿನವಾದದ್ದಲ್ಲ. ಅದೇ ಅಳತೆಯ ಬೆಲ್ಟು ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ದೊರಕಿತು. ವೇಗ ಸರಿಹೋಯಿತು, ದನಿ ಮಾತ್ರ ಇನ್ನೂ ಕಂಬಳಿ ಹೊದ್ದ ಹಾಗೆ ಮಂದವಾಗಿತ್ತು. ಹೆಡ್ಡನ್ನು ಹತ್ತಿಯಿಂದ ಒರೆಸಿದಾಗ ಕಂದುಬಣ್ಣದ ಪುಡಿ ಬಂತು, ದನಿ ಕೊಂಚ ತೆರೆಯಿತು. ಉಳಿದ ಮಂದತೆಯನ್ನು ತೆಗೆದದ್ದು ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ. ಬೇರೆ ಯಂತ್ರದಲ್ಲಿ ತುಂಬಿಸಿದ ಟೇಪಿಗೂ ಈ ಯಂತ್ರದ ಹೆಡ್ಡಿಗೂ ಓರೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ತಾರಸ್ವರಗಳೆಲ್ಲ ಮಾಯವಾಗುತ್ತವೆ. ಹಾಡು ನಡೆಯುತ್ತಿರುವಾಗಲೇ ಆ ಸ್ಕ್ರೂವನ್ನು ಬಹು ನಿಧಾನವಾಗಿ ತಿರುಗಿಸುತ್ತ, ಬಳೆಯ ಸದ್ದು ಸ್ಫುಟವಾಗಿ ಕೇಳಿಸಿದ ಕಡೆ ನಿಲ್ಲಿಸಿದೆ. ಒಂದು ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ ಒತ್ತುವ ಉಣ್ಣೆಯ ಪುಟ್ಟ ತುಂಡೇ ಉದುರಿಹೋಗಿತ್ತು. ಸುರುಳಿಯನ್ನು ಬೇರೊಂದು ಚಿಪ್ಪಿಗೆ ವರ್ಗಾಯಿಸಿದ ಮೇಲೆ ಅದೂ ಹಾಡಿತು.

ಇಷ್ಟೆಲ್ಲ ಮಾಡಿದ್ದು ಇನ್ನು ಮುಂದೆ ನಿತ್ಯವೂ ಕ್ಯಾಸೆಟ್ಟು ಕೇಳುವುದಕ್ಕಲ್ಲ. ಹೆಡ್‌ಫೋನಿನ ತೂತಿನಿಂದ ತಂತಿಯೆಳೆದು ಅಮ್ಮನ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಒಡಹುಟ್ಟಿದವರೆಲ್ಲರಿಗೂ ಒಂದೊಂದು ಪ್ರತಿಯನ್ನು ಕೊಟ್ಟೆ. ಅಲ್ಲಿಗೆ ಆ ಯಂತ್ರದ ಕರ್ತವ್ಯ ಮುಗಿಯಿತು. ಮುಂದೆ ಅದು ಕೆಟ್ಟರೆ ದುರಸ್ತಿ ಮಾಡಿಸುವ ಉದ್ದೇಶ ನನಗಿಲ್ಲ. ಯಂತ್ರವನ್ನು ಏತಕ್ಕಾಗಿ ಉಳಿಸುತ್ತಿದ್ದೇವೆಂಬುದು ಸ್ಪಷ್ಟವಾಗಿದ್ದರೆ ಎಷ್ಟು ಖರ್ಚು ಮಾಡಬಹುದೆಂಬುದೂ ತಾನಾಗಿ ಸ್ಪಷ್ಟವಾಗುತ್ತದೆ.

ದೊಡ್ಡ ಪೆಟ್ಟಿಗೆ ಸ್ಪೀಕರುಗಳ ಕಥೆ ಸಣ್ಣದು. ಮೆಲುದನಿಯಲ್ಲಿ ಸರಿಯಾಗಿದ್ದು, ವಾಲ್ಯೂಮ್ ಏರಿಸಿದಾಗ ಮಾತ್ರ ಒಂದು ಸ್ಪೀಕರು ಹರಿದ ತಮಟೆಯಂತೆ ಬಡಿಯುತ್ತಿತ್ತು. ಕೋನಿನ ಅಂಚಿನ ಫೋಮು ಬೆರಳು ಮುಟ್ಟಿದರೆ ಹಪ್ಪಳದಂತೆ ಪುಡಿಯಾಯಿತು. ನಮ್ಮ ಸೆಕೆ ತೇವಗಳಲ್ಲಿ ಫೋಮಿನ ಅಂಚಿಗೆ ದೀರ್ಘಾಯುಸ್ಸಿಲ್ಲ. ರಬ್ಬರಿನ ಅಂಚು ಹೆಚ್ಚು ಬಾಳುತ್ತದೆ. ಕೋನನ್ನು ನಾಲ್ಕೂ ಬೆರಳಿನಿಂದ ಸಮವಾಗಿ, ಮೆಲ್ಲಗೆ ಒತ್ತಿದಾಗ ಒಳಗೆ ಉಜ್ಜುವ ಸದ್ದು ಬಾರದಿದ್ದರೆ ಸುರುಳಿ ಕ್ಷೇಮವಾಗಿದೆ, ಅಂಚನ್ನಷ್ಟೇ ಹೊಸದಾಗಿ ಅಂಟಿಸಬಹುದು. ಹಾಗೆಯೇ ಮಾಡಿಸಿದೆ. ಸ್ಪೀಕರನ್ನೇ ಬದಲಾಯಿಸಬೇಕಾದವರು ಹಿಂಭಾಗದಲ್ಲಿ ಬರೆದಿರುವ ಓಮ್ ಸಂಖ್ಯೆಯನ್ನು ನೋಡಿಕೊಳ್ಳಬೇಕು. 8 ಓಮಿನ ಸ್ಥಳದಲ್ಲಿ 4 ಓಮಿನದನ್ನು ಕೂರಿಸಿದರೆ ಆಂಪ್ಲಿಫೈಯರಿನ ಮೇಲೆ ಹೊರೆ ಇಮ್ಮಡಿಯಾಗುತ್ತದೆ.

ಇನ್ನು ಟೆಲಿವಿಷನ್. ಇದು ಎಲ್ಲಕ್ಕಿಂತ ಹೊಸದು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಣಿಸಿದ್ದೂ ಇದೇ. ಸದ್ದು ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ವಾಲ್ಯೂಮ್ ಏರಿಸಿದರೆ ಹಿನ್ನೆಲೆಯ ವಾದ್ಯಗಳು ಕಿವಿ ಕೊರೆದುವೇ ಹೊರತು ಪಾತ್ರಗಳು ಸ್ಪಷ್ಟವಾಗಲಿಲ್ಲ. ಮೊಮ್ಮಗನಿಗೆ ಎಲ್ಲವೂ ಸರಿಯಾಗಿ ಕೇಳಿಸುತ್ತಿತ್ತೆಂಬುದರಿಂದ ನನಗೆ ಸಂದೇಹ ಬಂದು ಕಿವಿಯ ವೈದ್ಯರಲ್ಲಿಗೆ ಹೋದೆ. ವಯಸ್ಸಾದಂತೆ ಮೊದಲು ಕ್ಷೀಣಿಸುವುದು ತಾರಶ್ರವಣ. ಸ್ವರಾಕ್ಷರಗಳ ಬಲ ಕೆಳಗಿನ ಆವರ್ತನೆಗಳಲ್ಲಿದ್ದರೆ ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಮೇಲಿನ ಆವರ್ತನೆಗಳಲ್ಲಿದೆ. ಆದ್ದರಿಂದಲೇ ವೃದ್ಧರಿಗೆ ಮಾತು ಕೇಳಿಸಿಯೂ ಅರ್ಥವಾಗದಂತಾಗುತ್ತದೆ. ದೋಷದ ಒಂದು ಪಾಲು ನನ್ನದೆಂದಾಯಿತು. ಇನ್ನೊಂದು ಪಾಲು ಟಿ.ವಿ.ಯದು: ಹಲಗೆಯಷ್ಟು ತೆಳ್ಳಗಿರಬೇಕೆಂಬ ಛಲದಲ್ಲಿ ಅದರ ಸ್ಪೀಕರುಗಳನ್ನು ಕುಗ್ಗಿಸಿ ಕೆಳಮುಖವಾಗಿ ಕೂರಿಸಿದ್ದಾರೆ, ದನಿ ನಮ್ಮತ್ತ ಬರುವುದು ಮೇಜಿಗೋ ಗೋಡೆಗೋ ಬಡಿದ ಮೇಲೆ. ದುರಸ್ತಿಯಾದ ನನ್ನ ಹಳೆಯ ಸ್ಪೀಕರುಗಳನ್ನೂ ಆಂಪ್ಲಿಫೈಯರನ್ನೂ ಅದಕ್ಕೆ ಜೋಡಿಸಿದಾಗ ಮಾತು ಮುಖಕ್ಕೆ ನೇರವಾಗಿ ಬಂತು.

ಜೋಡಿಸಿದ ದಿನ ಮತ್ತೆ ಗುಂಯ್! ಕೇಬಲ್ಲಿನವರ ತಂತಿಯನ್ನು ಸೆಟ್-ಟಾಪ್ ಪೆಟ್ಟಿಗೆಯಿಂದ ಕಿತ್ತೊಡನೆ ನಿಂತಿತು. ಬೀದಿಯಿಂದ ಬರುವ ಆ ತಂತಿಯ ಹೊದಿಕೆಗೂ ನಮ್ಮ ಮನೆಯ ಅರ್ತಿಗೂ ಇರುವ ಭೇದವು ಆಂಪ್ಲಿಫೈಯರಿನ ಮೂಲಕ ಹಾದು ಸದ್ದಾಗುತ್ತಿತ್ತು. ತಂತಿಯ ನಡುವೆ ಹಾಕುವ ಒಂದು ಐಸೊಲೇಟರಿನಿಂದ ಅದು ಪರಿಹಾರವಾಯಿತು. ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದರೆ ಸದ್ದು ನಿಲ್ಲುತ್ತದೆಂದು ಒಬ್ಬರು ಸಲಹೆಯಿತ್ತರು. ನಿಲ್ಲುವುದೇನೋ ದಿಟ, ಆದರೆ ಅದು ಪ್ರಾಣವನ್ನು ಕಾಯುವ ಕಡ್ಡಿ.

ಕಡೆಗೆ ಒಂದು ದಿನ ಆ ಟಿ.ವಿ.ಯಿಂದ ದನಿ ಹೊರಡುವುದೇ ನಿಂತಿತು. ಸೇವಾಕೇಂದ್ರದವರು ಬಂದು ನೋಡಿ, ದೋಷವಿರುವುದು ಮುಖ್ಯ ಬೋರ್ಡಿನಲ್ಲಿ, ಈ ಮಾದರಿಯ ಬೋರ್ಡು ಈಗ ಬರುತ್ತಿಲ್ಲ, ಹೊಸ ಟಿ.ವಿ. ಕೊಂಡರೆ ರಿಯಾಯಿತಿ ಕೊಡಿಸುತ್ತೇವೆ ಎಂದು ವಿನಯದಿಂದಲೇ ಹೇಳಿದರು. ಸಾಹೇಬರು ಬೋರ್ಡನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು: “ಕಂಡೆನ್ಸರ್ ಉಬ್ಬಿದ್ರೆ ನಾನು ಹಾಕ್ತಿದ್ದೆ ಮೇಷ್ಟ್ರೇ. ಇದರಲ್ಲಿ ಐಸಿ ಹೋಗಿದೆ. ಅದರ ಹೆಸರೂ ಕಾಣಿಸ್ದಂಗೆ ಉಜ್ಜಿಬಿಟ್ಟವ್ರೆ.” ತಂದೆಯವರ ರೇಡಿಯೋದ ಸರ್ಕ್ಯೂಟು ನಕ್ಷೆ ಪೆಟ್ಟಿಗೆಯ ಒಳಮೈಗೇ ಅಂಟಿತ್ತು, ಅದರ ಪ್ರತಿಯೊಂದು ಭಾಗದ ಮೇಲೂ ಅಳತೆ ಬರೆದಿತ್ತು, ಆ ಅಳತೆಯದನ್ನು ಯಾರು ತಯಾರಿಸಿದ್ದರೂ ಅಲ್ಲಿ ಕೂರುತ್ತಿತ್ತು. ಈ ಟಿ.ವಿ.ಯ ಬೋರ್ಡು ಈ ಟಿ.ವಿ.ಗಲ್ಲದೆ ಬೇರಾವುದಕ್ಕೂ ಒದಗದು. ಹಳೆಯದು ದುರಸ್ತಿಯಾಗಿ ಹೊಸದು ಗುಜರಿಗೆ ಹೋದದ್ದರ ರಹಸ್ಯ ವಯಸ್ಸಿನಲ್ಲಿಲ್ಲ, ಇಲ್ಲಿದೆ. ಭಾರತ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲನ್ನು ತೆರೆದಿದೆ. ಅದರಲ್ಲಿ ತಯಾರಕರು ದುರಸ್ತಿಯ ವಿವರಗಳನ್ನೂ ಬಿಡಿಭಾಗಗಳ ಮಾಹಿತಿಯನ್ನೂ ಕೊಡಬೇಕೆಂಬುದು ಆಶಯ. ಕೊಳ್ಳುವವರು ಪಟ್ಟುಹಿಡಿದು ಕೇಳದೆ ಆಶಯವು ವಾಡಿಕೆಯಾಗದೆಂದು ನನಗೆ ತೋರುತ್ತದೆ.

ಹೊಸ ಟಿ.ವಿ. ಕೊಂಡೆ. ಕೊಳ್ಳುವಾಗ ಅಂಗಡಿಯವನನ್ನು ಚಿತ್ರದ ವಿಚಾರವಾಗಿ ಹೆಚ್ಚೇನೂ ಕೇಳಲಿಲ್ಲ. ಹೊರಗಿನ ಸ್ಪೀಕರಿಗೆ ತಂತಿ ಜೋಡಿಸುವ ತೂತು ಇದೆಯೇ, ಮಾತನ್ನು ಎತ್ತಿ ಕೇಳಿಸುವ ಏರ್ಪಾಡಿದೆಯೇ, ಬೋರ್ಡು ಎಷ್ಟು ವರ್ಷ ಸಿಗುತ್ತದೆ ಎಂಬ ಪ್ರಶ್ನೆಗಳನ್ನು ಬಿಲ್ಲಿಗೆ ಮುಂಚೆಯೇ ಕೇಳಿದೆ. ಕಡೆಯದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಆದರೂ ಓದುಗರು ಕೇಳಬೇಕು.

ತೆಗೆದುಹಾಕುವ ಯಂತ್ರವನ್ನು ತಳ್ಳುಗಾಡಿಯ ಗುಜರಿಯವನಿಗೆ ಕೊಡಬೇಡಿರೆಂದು ಮಾತ್ರ ನನ್ನ ವಿನಂತಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅದರ ವಿಲೇವಾರಿಯ ಹೊಣೆ ತಯಾರಕರ ಮೇಲೆಯೂ ಇದೆ. ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಿ ರಸೀತಿ ಪಡೆಯಿರಿ. ಹಳೆಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿಯೂ ಬೋರ್ಡುಗಳ ಬೆಸುಗೆಯಲ್ಲಿಯೂ ಸೀಸವಿರುತ್ತದೆ, ಬಯಲಲ್ಲಿ ಸುಟ್ಟರೆ ಅದು ನೆಲಕ್ಕೂ ನೀರಿಗೂ ಸೇರುತ್ತದೆ.